ತಳದಲ್ಲಿ ಕೂತ ಬಿಳಿ ಪುಡಿ

ಬೀದಿದೀಪಗಳು ಇನ್ನೂ ಆರಿಲ್ಲ. ಔಷಧ ಸಂಶೋಧನಾಲಯದ ಎರಡನೇ ಮಹಡಿಯಲ್ಲಿ ಕುಲುಕುವ ಯಂತ್ರವೊಂದು, ಹಟಮಾರಿ ಕೂಸುಗಳನ್ನು ಮಲಗಿಸಲು ಹೊರಟ ಅಜ್ಜಿಯ ಹಾಗೆ, ಸಾಲು ಸೀಸೆಗಳನ್ನು ತೂಗುತ್ತಲೇ ಇದೆ. ಇಲ್ಲಿ ಪುಡಿಗಳನ್ನು ಪರೀಕ್ಷಿಸುವಾಕೆ ಬಂದು ಯಂತ್ರ ನಿಲ್ಲಿಸುತ್ತಾಳೆ. ಒಂದೊಂದೇ ಸೀಸೆಯನ್ನು ದೀಪಕ್ಕೆ ಹಿಡಿದು ತಳ ನೋಡುತ್ತಾಳೆ. ತಳದಲ್ಲಿ ಬಿಳಿ ಪುಡಿ. ಮುಂದಿನದರಲ್ಲೂ ಅದೇ. ಸೋಸಿ, ಅಳೆದು, ಬರೆದಿಡುತ್ತಾಳೆ.

ಮೇಲಿನ ಮಹಡಿಯ ರಸಾಯನಶಾಸ್ತ್ರಜ್ಞರು ಹೊಸ ಹೊಸ ಪುಡಿಗಳನ್ನು ಹುಟ್ಟಿಸುತ್ತಾರೆ. ಅವು ಮಾತ್ರೆಯಾಗುವುದು ದೂರದ ಮಾತು. ಕರುಳಿನ ರಸದಂತಹ, ಮೈಬಿಸಿಯಷ್ಟೇ ಬೆಚ್ಚಗಿನ ನೀರಿನಲ್ಲಿ ಎಷ್ಟು ಕರಗುತ್ತವೆಂದು ಮೊದಲು ಈಕೆ ಹೇಳಬೇಕು. ಕರಗದ್ದು ರಕ್ತ ಸೇರುವುದಿಲ್ಲ, ಹೊಟ್ಟೆಗೆ ಹೋದದ್ದು ಹೋದ ಹಾಗೇ ಹೊರಬೀಳುತ್ತದೆ. ದಿನಕ್ಕೆ ನಲವತ್ತು ಸೀಸೆ. ಹೆಚ್ಚಿನವುಗಳ ಕತೆ ಈ ಮೇಜಿನ ಮೇಲೇ ಮುಗಿಯುತ್ತದೆ. ಹಾಗಾಗಿ ಮೇಲಿನವರು ಇಟ್ಟ ಅಡ್ಡಹೆಸರು ಕರಗದಮ್ಮ. “ನಿನ್ನ ಬಾಯಲ್ಲಿ ಒಂದ್ಸಲಾನಾದ್ರೂ ಹೂಂ ಅನ್ನೋದು ಬರಲ್ವಾ ತಾಯಿ?” ಎಂದು ಮೆಟ್ಟಿಲಲ್ಲಿ ಕೆಣಕುತ್ತಾರೆ.

ಆಕೆಯನ್ನು ಓದಿಸಿದವಳು ಅಕ್ಕ, ಹೊಲಿಗೆ ಯಂತ್ರ ತುಳಿದು. ಈಗ ಅಕ್ಕನ ಸ್ನಾಯುಗಳು ಒಂದೊಂದಾಗಿ ಸೋಲುತ್ತಿವೆ. ಸೂಜಿ ಹಿಡಿಯುತ್ತಿದ್ದ ಬೆರಳುಗಳಲ್ಲಿ ಚಮಚವೂ ನಿಲ್ಲುವುದಿಲ್ಲ, ಭಾವ ಉಣಿಸುತ್ತಾರೆ. ಆ ಕಾಯಿಲೆಗೆ ಮದ್ದಿಲ್ಲ. ಕಳೆದ ತಿಂಗಳು ಅದೇ ಕಾಯಿಲೆಗೆಂದು ಮಾಡಿದ ಪುಡಿಯೊಂದು ಈಕೆಯ ಮೇಜಿಗೆ ಬಂತು.

ಕೆಲವು ಪುಡಿಗಳು ಬಲು ಮೋಸದವು. ಮೊದಲು ಚಕ್ಕನೆ ಕರಗಿ ನೀರು ತಿಳಿಯಾಗುತ್ತದೆ. ಬೆಳಗಾಗುವುದರೊಳಗೆ ಹರಳುಗಟ್ಟಿ ತಳಕ್ಕಿಳಿಯುತ್ತವೆ. ಅದಕ್ಕೇ ಒಂದು ರಾತ್ರಿ ಕಾಯದೆ ಯಾರಿಗೂ ಏನೂ ಹೇಳಬಾರದು. ಹೊಸಬರಿಗೆ ಇದನ್ನು ಕಲಿಸುವವಳೇ ಈಕೆ. ಆದರೆ ಆ ಸಂಜೆ ಸೀಸೆ ತಿಳಿಯಾಗಿತ್ತು. ತಡೆಯಲಾಗಲಿಲ್ಲ, ಮೆಟ್ಟಿಲಲ್ಲೇ ನಿಂತು ಮನೆಗೆ ಫೋನ್ ಮಾಡಿದಳು. “ಅಕ್ಕಾ, ಕರಗಿದೆ ಕಣೇ.” ಅಕ್ಕ ಭಾವನಿಗೆ ಹೇಳಿ ಹೊಲಿಗೆ ಯಂತ್ರದ ಧೂಳು ಒರೆಸಿಸಿದಳಂತೆ.

ಬೆಳಿಗ್ಗೆ ತಳದಲ್ಲಿ ಪುಡಿ ಕೂತಿತ್ತು. ಮತ್ತೆ ಕುಲುಕಿದಳು, ಹೊಸದಾಗಿ ಕಲಸಿಟ್ಟಳು, ಇನ್ನೊಂದು ರಾತ್ರಿ ಕಾದಳು. ಅದೇ. ಬಂದ ಅಂಕಿಯನ್ನು ಬಂದ ಹಾಗೇ ಬರೆದಳು. ಮೇಲಿನವರು ಆ ಪುಡಿಯನ್ನೇ ಕೈಬಿಟ್ಟರು.

ಮನೆಯಲ್ಲಿ ಬಾಯಿಬಿಟ್ಟು ಹೇಳಬೇಕಾಗಲಿಲ್ಲ, ಮುಖ ನೋಡಿಯೇ ಅಕ್ಕನಿಗೆ ಗೊತ್ತಾಯಿತು. “ನೀನ್ಯಾಕೆ ಅಳ್ತೀಯ? ಸುಳ್ಳು ಹೇಳಿದ್ದು ಪುಡಿ, ನೀನಲ್ಲ” ಎಂದಳಂತೆ. ಅಂದಿನಿಂದ ಕೆಲಸದ ಬಗ್ಗೆ ಏನನ್ನೂ ಕೇಳುವುದಿಲ್ಲ. ಈಕೆಗೆ ಅದೇ ಹೆಚ್ಚು ಚುಚ್ಚುತ್ತದೆ.

ಇನ್ನೊಂದು ಪುಡಿ ಬರಬಹುದೇ ಎಂದರೆ, ಬರಬಹುದು, ವರ್ಷಗಳೇ ಹಿಡಿಯಬಹುದು ಎನ್ನುತ್ತಾಳೆ. ಅಕ್ಕನ ಕೈಯಲ್ಲಿ ಅಷ್ಟು ವರ್ಷಗಳಿಲ್ಲವೆಂಬುದು ಆಕೆಗೆ ಗೊತ್ತು. ಕೈಗವಸು ಏರಿಸಿಕೊಳ್ಳುತ್ತಾ ತನ್ನ ಆಸೆ ಹೇಳುತ್ತಾಳೆ: “ಬಂದ್ರೆ ಅದು ಪಕ್ಕದ ಮೇಜಿಗೆ ಹೋಗ್ಲಿ. ನನ್ನ ಕೈಗೆ ಸಿಕ್ರೆ ನಾನು ಮತ್ತೆ ಸಂಜೆಗೇ ನೋಡಿ ಅಕ್ಕಂಗೆ ಹೇಳ್ಬಿಡ್ತೀನಿ.”