ನೂರ ನಲವತ್ತು ಕುರಿ, ಮೂರು ಬಗೆಯ ಕಿವಿ

2015ರ ಆಗಸ್ಟ್. ತೆಲಂಗಾಣ ರಾಜ್ಯವಾಗಿ ವರ್ಷ ದಾಟಿತ್ತು. ನಮ್ಮ ಆಫೀಸಿನ ರಬ್ಬರ್ ಸ್ಟಾಂಪ್ ಹೊಸದಾಗಿತ್ತು, ಗೋಡೆಯ ಮೇಲಿನ ಬೋರ್ಡ್ ಮಾತ್ರ ಇನ್ನೂ ಆಂಧ್ರಪ್ರದೇಶದ್ದೇ. ನಾನಾಗ ಗದ್ವಾಲ್ ತಾಲೂಕಿನಲ್ಲಿ, ಕೆ.ಟಿ. ದೊಡ್ಡಿ ಕಡೆಯ ಒಂದು ಪಶುವೈದ್ಯ ಉಪಕೇಂದ್ರದಲ್ಲಿ ಲೈವ್‌ಸ್ಟಾಕ್ ಅಸಿಸ್ಟೆಂಟ್. ಹತ್ತನೆಯ ತರಗತಿಯನ್ನು ಇಪ್ಪತ್ತೇಳನೆಯ ವಯಸ್ಸಿಗೆ ಪಾಸು ಮಾಡಿ, ಅಟೆಂಡರ್ ಆಗಿದ್ದು, ಆಮೇಲೆ ಟ್ರೇನಿಂಗ್ ಮುಗಿಸಿ ಈ ಹುದ್ದೆಗೆ ಬಂದವನು. ಊರವರು ನನ್ನನ್ನೂ ಡಾಕ್ಟ್ರು ಎಂದೇ ಕರೆಯುತ್ತಿದ್ದರು. ನಿಜವಾದ ಡಾಕ್ಟರು ಗದ್ವಾಲದಲ್ಲಿದ್ದರು. ವಾರಕ್ಕೆರಡು ಸಲ ಬಂದು, ನಾನು ತುಂಬಿಟ್ಟ ಕಾಗದಗಳಿಗೆ ಸಹಿ ಮಾಡಿ ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಬೀರಣ್ಣ ಬಂದ. ಕುರುಬರವನು, ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಅವನ ಮಗಳು ರೇಣುಕಾ ಕಿರ್ಗಿಸ್ತಾನದಲ್ಲಿ ಡಾಕ್ಟರಿಕೆ ಓದುತ್ತಿದ್ದಳು. ಇಲ್ಲಿ ಸರ್ಕಾರಿ ಸೀಟು ಸ್ವಲ್ಪದರಲ್ಲಿ ತಪ್ಪಿತ್ತು, ಖಾಸಗಿ ಕಾಲೇಜಿನ ಖರ್ಚು ಕೈಗೆ ಎಟುಕುವಂತಿರಲಿಲ್ಲ. ಬೀರಣ್ಣ ವರ್ಷವೂ ಒಂದಿಷ್ಟು ಟಗರು ಮಾರಿ ಫೀಸು ಕಳಿಸುತ್ತ ಬಂದಿದ್ದ. ಈಗ ಕೊನೆಯ ವರ್ಷ. ಹಿಂದಿನ ಮಳೆಗಾಲದಲ್ಲಿ ಬ್ಲೂ ಟಂಗ್, ಅಂದರೆ ಕುರಿಯ ಬಾಯಿ ಹುಣ್ಣಾಗಿ ನಾಲಿಗೆ ನೀಲಿಗಟ್ಟುವ ರೋಗ ಬಂದು, ಅವನ ಕುರಿ ಬಹಳ ಸತ್ತಿದ್ದವು. ಸಾಲದ್ದಕ್ಕೆ ಡಾಲರ್ ಬೆಲೆ ಏರಿತ್ತು.

"ಈ ತಿಂಗಳಾಖ್ರಿ ಒಳಗ ಕಟ್ಟಬೇಕಂತ್ರಿ. ಇಲ್ಲಂದ್ರ ಹೆಸರು ದಾಖಲ್ ಮಾಡಂಗಿಲ್ಲಂತ, ಹಾಸ್ಟೆಲ್ಲೂ ಬಿಡಬೇಕಂತ" ಎಂದ. "ಬ್ಯಾಂಕಿನ ಸಾಹೇಬ್ರು ಕುರಿ ಮ್ಯಾಲ ಸಾಲ ಕೊಡ್ತೀನಂದಾರ. ನೀವೊಂದು ಕಾಗದ ಬರದ್ರ ಆತ್ರಿ."

ಅವನು ಕೇಳಿದ್ದು ವ್ಯಾಲ್ಯುಯೇಶನ್ ಸರ್ಟಿಫಿಕೇಟ್. ಎಷ್ಟು ಕುರಿ, ವಯಸ್ಸೆಷ್ಟು, ಆರೋಗ್ಯ ಹೇಗೆ, ಬೆಲೆಯೆಷ್ಟು ಎಂದು ನಾವು ಬರೆದುಕೊಡುವ ಕಾಗದ. ಅದರ ಮೇಲೆ ಬ್ಯಾಂಕು ಸಾಲ ಮಂಜೂರು ಮಾಡುತ್ತದೆ. ಆಮೇಲೆ ಪ್ರತಿ ಕುರಿಯ ಕಿವಿಗೂ ನಂಬರಿನ ಹಳದಿ ಬಿಲ್ಲೆ ಹೊಡೆದು ವಿಮೆ ಮಾಡಿಸಬೇಕು, ಆಗಲೇ ಹಣ ಕೈಗೆ ಬರುವುದು.

ನಾನು ಕಪಾಟಿನಿಂದ ಲಸಿಕೆ ರಿಜಿಸ್ಟರ್ ತೆಗೆದೆ. ಜೂನ್ ತಿಂಗಳ ಪುಟದಲ್ಲಿ ನನ್ನದೇ ಅಕ್ಷರ: ಬೀರಣ್ಣ, 140. ರೋಗದಲ್ಲಿ ಅಷ್ಟು ಸತ್ತ ಮೇಲೂ ನೂರ ನಲವತ್ತು ಹೇಗೆ ಎಂದು ಆಗಲೇ ತಲೆಗೆ ಬರಬೇಕಿತ್ತು, ಬರಲಿಲ್ಲ. ಆ ಅಂಕಿಯನ್ನೇ ಇಳಿಸಿಕೊಂಡೆ. ಬೀರಣ್ಣ ಕಾಗದದ ಕಡೆ ನೋಡಿದ, ಏನೋ ಹೇಳಲು ಬಾಯಿ ತೆರೆದ, ಮತ್ತೆ ಮುಚ್ಚಿದ. ಮರುದಿನ ಡಾಕ್ಟರು ಸಹಿ ಮಾಡಿದರು. ಆರನೆಯ ದಿನ ಸಾಲ ಮಂಜೂರಾಯಿತು.

ಫೀಸಿನ ಗಡುವಿಗೆ ಇನ್ನು ನಾಲ್ಕು ದಿನ ಇರುವಾಗ ಬಿಲ್ಲೆ, ಅದನ್ನು ಹೊಡೆಯುವ ಪಂಚ್ ತೆಗೆದುಕೊಂಡು ಅವನ ಹಟ್ಟಿಗೆ ಹೋದೆ. ಬೆಳಗಿನ ಹೊತ್ತು, ಕುರಿಗಳು ಇನ್ನೂ ಮೇವಿಗೆ ಹೋಗಿರಲಿಲ್ಲ. ಮೊದಲ ಕುರಿಯ ಎಡಗಿವಿಯ ತುದಿ ಕತ್ತರಿಸಿತ್ತು. ಅದು ಬೀರಣ್ಣನ ಮನೆಯ ಗುರುತು. ಮರಿ ಹುಟ್ಟಿದ ಕೆಲವೇ ದಿನಕ್ಕೆ ಒಬ್ಬೊಬ್ಬ ಕುರಿಗಾರನೂ ತನ್ನ ಮನೆಯ ಗುರುತು ಕೊಯ್ಯುತ್ತಾನೆ. ಬಿಲ್ಲೆ ಹೊಡೆದೆ. ಎರಡನೆಯದೂ ಹಾಗೇ. ಮೂರನೆಯದನ್ನು ಹಿಡಿದರೆ ಎಡಗಿವಿ ಪೂರ್ತಿ ಇತ್ತು, ಬಲಗಿವಿ ಉದ್ದಕ್ಕೆ ಸೀಳಿತ್ತು. ಮತ್ತೊಂದರ ಎರಡೂ ಕಿವಿಯಲ್ಲಿ ಕಚ್ಚು.

ನನ್ನ ಕೈ ನಿಂತಿತು. "ಬೀರಣ್ಣಾ, ಇವು ಯಾರವು?"

"ಹಿಂಡು ನಂದs ಐತಲ್ರಿ" ಎಂದ, ನೆಲ ನೋಡುತ್ತ.

ಆಗ ತಿಳಿಯಿತು. ರೋಗ ಹೋದ ಮೇಲೆ ಉಳಿದ ಕುರಿಗಳನ್ನು ಮೂರು ಮನೆಯವರು ಕೂಡಿಸಿ ಒಂದೇ ಹಿಂಡು ಮಾಡಿದ್ದರು, ಕಾಯುವವನು ಬೀರಣ್ಣ. ಲಸಿಕೆ ಹಾಕುವಾಗ ನಾವು ಕುರಿಯ ಒಡೆಯನನ್ನು ಕೇಳುವುದಿಲ್ಲ. ಕೋಲು ಯಾರ ಕೈಯಲ್ಲಿದೆಯೋ ಅವನ ಹೆಸರಿಗೆ ಇಡೀ ಹಿಂಡು ಬರೆಯುತ್ತೇವೆ. ಲಸಿಕೆಗೆ ಅಷ್ಟು ಸಾಕು, ಸಾಲಕ್ಕೆ ಸಾಲದು. ಕಿವಿ ಹಿಡಿದು ನೋಡುತ್ತ ಹೋದೆವು. ಬೀರಣ್ಣನವು ಐವತ್ತೆರಡು. ಅವನ ಅಕ್ಕ ನಾಗಮ್ಮನವು ಐವತ್ತು. ಉಳಿದ ಮೂವತ್ತೆಂಟು ರಾಯಚೂರಿಗೆ ಗಾರೆ ಕೆಲಸಕ್ಕೆ ಹೋದ ದಾಯಾದಿಯವು.

"ನೀವs ಬರದ್ರಿ, ನಾ ಸುಮ್ಕಾದೆ" ಎಂದ ಬೀರಣ್ಣ. "ಹೊಡೀರಿ ಡಾಕ್ಟ್ರ. ಮಗಳು ಡಾಕ್ಟರಾಗಿ ಬಂದ್ಲಂದ್ರ ಎಲ್ಲಾ ತೀರ್ತೈತಿ. ಕಿವಿ ನೋಡಾಕ ಯಾರ ಬರ್ತಾರ?"

ಅಷ್ಟರಲ್ಲಿ ನಾಗಮ್ಮ ಮಜ್ಜಿಗೆಯ ತಂಬಿಗೆ ಹಿಡಿದು ಬಂದಳು. ನನ್ನ ಕೈಯಲ್ಲಿದ್ದ ಬಿಲ್ಲೆ ನೋಡಿದಳು, ತನ್ನ ಕುರಿ ನೋಡಿದಳು.

"ಏನಪಾ, ನನ್ನ ಕುರಿ ಕಿವಿಗೆ ಬ್ಯಾಂಕಿನವರು ಓಲಿ ಮಾಡಿಸಿ ಕಳಿಸ್ಯಾರೇನು? ನನ್ನ ಮದಿವಿಗೂ ಯಾರೂ ಇಷ್ಟು ಓಲಿ ತಂದಿದ್ದಿಲ್ಲ."

ಬೀರಣ್ಣ ಎಲ್ಲ ಹೇಳಿದ. ಆಕೆ ತಂಬಿಗೆ ಕೆಳಗಿಟ್ಟಳು.

"ರೇಣಿ ನಿನಗಷ್ಟ ಮಗಳೇನೋ ಖೋಡಿ? ಕೇಳಿದ್ರ ಕೊಡ್ತಿದ್ದಿಲ್ಲೇನು? ಬೀರಪ್ಪ ದೇವ್ರಿಗೆ ಬಿಟ್ಟ ಹತ್ತು ಬಿಟ್ಟು ಎಲ್ಲಾ ಬರಕೋ. ಆದ್ರ ನನ್ನ ಹೆಸರೀಲೆ ಬರಕೋ. ಕದ್ದು ಬರದ ಫೀಸಿನಾಗ ನನ್ನ ಸೊಸಿ ಓದಬಾರದು."

ಪಂಚನ್ನು ಚೀಲಕ್ಕೆ ಹಾಕಿ ಸೀದಾ ಬ್ಯಾಂಕಿಗೆ ಹೋದೆ. ಮ್ಯಾನೇಜರ್ ತೆಲುಗಿನವರು. "ಏಮಯ್ಯಾ, ಮೊನ್ನ ನೂಟ ನಲಭೈ, ಈರೋಜು ಯಾಭೈ ರೆಂಡಾ?" ಎಂದರು. ಮೊನ್ನೆ ನೂರ ನಲವತ್ತಿದ್ದದ್ದು ಇವತ್ತು ಐವತ್ತೆರಡು ಹೇಗಾಯಿತು ಎಂಬ ಪ್ರಶ್ನೆಗೆ ನನ್ನ ಹತ್ತಿರ ಇದ್ದದ್ದು ಒಂದೇ ಉತ್ತರ: ತಪ್ಪು ನನ್ನದು. ನಾಗಮ್ಮನ ಹೆಸರಿಗೆ ಬೇರೆ ಸಾಲ ಕೊಡಬಹುದು ಎಂದರು. ಆದರೆ ಆಕೆಗೆ ಬ್ಯಾಂಕಿನಲ್ಲಿ ಖಾತೆಯೇ ಇರಲಿಲ್ಲ. ಬೀರಣ್ಣನ ಮಂಜೂರಾತಿ ರದ್ದಾಗಿ ಎರಡೂ ಅರ್ಜಿ ಹೊಸದಾಗಿ ಹೋಗಬೇಕು. ನಾನು ಡಾಕ್ಟರ ಹತ್ತಿರ ಬೈಸಿಕೊಂಡು ಬೇರೆ ಸಹಿ ತಂದೆ. ಗದ್ವಾಲ, ಹಟ್ಟಿ, ಬ್ಯಾಂಕು ಎಂದು ಮೂರು ದಿನ ಮೋಟರ್‌ಸೈಕಲ್ ಇಳಿಯಲಿಲ್ಲ. ಗಡುವಿನ ದಿನ ಮೂರು ಗಂಟೆಗೆ ಬ್ಯಾಂಕಿನ ಕೌಂಟರ್ ಮುಂದೆ ನಿಂತಿದ್ದಾಗಲೂ ನಾಗಮ್ಮನ ಫೋಟೋ ಸರಿಯಿಲ್ಲ ಎಂದು ಕಾಗದ ವಾಪಸ್ ಬಂತು.

ಮರುದಿನ ಬೀರಣ್ಣ ಉಪಕೇಂದ್ರಕ್ಕೆ ಬಂದು ಫೋನನ್ನು ನನ್ನ ಕೈಗೆ ಕೊಟ್ಟ. ಆ ಕಡೆ ರೇಣುಕಾ.

"ಮಾಮಾ, ಹೆಸರು ತಗದು ಬಿಟ್ರು. ಮತ್ತ ಫೆಬ್ರುವರಿಗೇ ಅಂತ."

"ಹಾಸ್ಟೆಲ್ಲು?"

"ನಮ್ಮ ಕಡೆ ಹುಡುಗರ ಮೆಸ್ಸಿನ್ಯಾಗ ರೊಟ್ಟಿ ಮಾಡ್ತೀನಿ. ಅಲ್ಲೇ ಮಲಗಾಕ ಜಾಗ ಕೊಟ್ಟಾರ. ಅಪ್ಪಗ ಹೇಳಬ್ಯಾಡ್ರಿ, ಹಾಸ್ಟೆಲ್ಲಿನ್ಯಾಗ ಅದೀನಿ ಅಂತ ಹೇಳೀನಿ."

ಬೀರಣ್ಣ ಎದುರಿಗೇ ನಿಂತಿದ್ದ. "ಆರಾಮ ಅದಾಳಂತ" ಎಂದು ಫೋನು ಹಿಂದಕ್ಕೆ ಕೊಟ್ಟೆ.

ಸಾಲ ಇಪ್ಪತ್ಮೂರು ದಿನ ತಡವಾಗಿ ಬಂತು. ರೇಣುಕಾಳ ಓದು ಆರು ತಿಂಗಳು ಹಿಂದೆ ಬಿತ್ತು. ಆ ಚಳಿಗಾಲವನ್ನು ಆಕೆ ರೊಟ್ಟಿ ಬಡಿದು ಕಳೆದಳು. ಫೆಬ್ರುವರಿಯಲ್ಲಿ ಮತ್ತೆ ಹೆಸರು ಹಚ್ಚಿ ಕೊನೆಯ ವರ್ಷ ಮುಗಿಸಿದಳು.

ಊರಿಗೆ ಬಂದ ಮೇಲೆ ಒಮ್ಮೆ ಗದ್ವಾಲದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಇಲ್ಲಿ ಡಾಕ್ಟರಿಕೆ ಮಾಡಲು ಇನ್ನೊಂದು ಪರೀಕ್ಷೆ ಬರೆಯಬೇಕಿತ್ತು, ಅದರ ಪುಸ್ತಕಗಳು ಕೈಯಲ್ಲಿದ್ದವು. ಇಬ್ಬರೂ ಚಹಾ ಕುಡಿದೆವು. ಮನಸ್ಸು ತಡೆಯಲಿಲ್ಲ, ಕೇಳಿಯೇ ಬಿಟ್ಟೆ: "ಅವತ್ತು ಕಾಗದ ತಿದ್ದಿದ್ದು ನಿನಗ ಸಿಟ್ಟು ತರಿಸಿತೇನವಾ?"

"ತಿದ್ದಿದ್ದಕ್ಕಲ್ಲ ಮಾಮಾ" ಎಂದಳು. "ಅತ್ತಿ ಕುರಿ ಕದ್ದು ನಾ ಹೆಂಗ ಓದ್ಲಿ? ಆದ್ರ ಮೊದಲ ಬರಿಯುವಾಗs ಒಂದು ಸಲ ಹಟ್ಟಿಗೆ ಬಂದಿದ್ರ, ಅತ್ತಿ ಕಾಗದನೂ ಅವತ್ತs ಆಗ್ತಿತ್ತು."

ತಪ್ಪನ್ನು ತಿದ್ದಿದವನು ಎಂದು ಅಲ್ಲಿಯವರೆಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯಿತ್ತು, ಅದೂ ಹೋಯಿತು. ತಿದ್ದುವುದು ಕೆಲಸದ ಕೊನೆ, ನೋಡುವುದು ಕೆಲಸದ ಮೊದಲು. ಆಮೇಲೆ ರಿಟೈರ್ ಆಗುವವರೆಗೂ ಕಿವಿ ಹಿಡಿಯದೆ ಒಂದು ಕುರಿಯನ್ನೂ ಕಾಗದಕ್ಕೆ ಹತ್ತಿಸಲಿಲ್ಲ. ಆದರೂ ಆ ಲೆಕ್ಕ ನನ್ನನ್ನು ಬಿಟ್ಟಿಲ್ಲ. ಆಕೆಯ ಆರು ತಿಂಗಳು ಹೋದವು. ನನ್ನ ಕುರ್ಚಿಯಿಂದ ಆ ಹಟ್ಟಿಗೆ ಇದ್ದದ್ದು ಮೂರು ಕಿಲೋಮೀಟರ್.