ಎದುರು ಮಿಲ್ಲಿನ ಧನಿಗಳು

ಮುಳ್ಳೇರಿಯದಿಂದ ಒಳಗೆ, ನಮ್ಮೂರಿನಲ್ಲಿ ನನ್ನ ಮರದ ಮಿಲ್ಲಿನ ಎದುರಿಗೇ ಅವರದೂ ಇತ್ತು. ಊರಿಗೆ ಮೊದಲನೆಯದು ಅವರದೇ. ತಮ್ಮ ಲಾರಿಗೆಂದು ಅವರು ಗುಡ್ಡ ಕಡಿದು ಮಾಡಿದ ದಾರಿಯಲ್ಲಿ ಆಮೇಲೆ ಬಸ್ಸು ಬಂತು, ಶಾಲೆ ಬಂತು. ಕೈಯಲ್ಲಿ ಕಾಸಿಲ್ಲದೆ ಯಾರು ಬಂದು ಮರ ಕೇಳಿದರೂ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, "ಎಷ್ಟು ಉದ್ದ ಬೇಕು, ಹೇಳಿ" ಎನ್ನುತ್ತಿದ್ದರು. ಶಾಲೆಯ ಬೆಂಚುಗಳೂ ಹಾಗೆಯೇ ಆದವು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಳೆದ ವರ್ಷ ತೀರಿಕೊಂಡರು. ಮಿಲ್ಲಿನ ತುಂಬ ತೇಗ, ಹಲಸು. ಚಿತೆಗೆ ಬೇಕಾದ ಮಾವು ಮಾತ್ರ ಇರಲಿಲ್ಲ. ಅಂಗಳದಲ್ಲಿ ನೆರೆಯವರ ಜಗಳವೇ ಶುರುವಾಯಿತು.

"ನಮ್ಮ ಮರ ಕಡಿಯಿರಿ."

"ಎಂತ ಮಾರಾಯ, ನಮ್ಮದು ಹತ್ತಿರವೇ ಉಂಟಲ್ಲ!"

ಹೆಣದ ಎದುರು ನಿಂತೂ ನನಗೆ ಹೊಟ್ಟೆಕಿಚ್ಚು. ನಾನು ಸತ್ತರೆ ಯಾರು ಕೊಟ್ಟಾರು?

ಮರುದಿನವೇ ನನ್ನ ಹಿತ್ತಿಲಲ್ಲಿ ಒಂದು ಮಾವಿನ ಸಸಿ ನೆಟ್ಟೆ. ದಿನಾ ನಾನೇ ನೀರು ಹಾಕುತ್ತೇನೆ.