ಬ್ಯಾಡಗಿ ವೈನಿ ಬರೆದ ಪರೀಕ್ಷೆ

ಹೋದ ವಾರ ರಾಣೆಬೆನ್ನೂರಿನಲ್ಲಿ ಒಂದು ಇಸ್ತ್ರಿ ಅಂಗಡಿಯ ಮುಂದೆ ರಿಕ್ಷಾಕ್ಕಾಗಿ ಕಾಯುತ್ತ ನಿಂತಿದ್ದೆ. ಅಂಗಡಿಯವನು ಗಂಜಿ ಹಾಕಿ ಒಣಗಿಸಿದ ಧೋತರಕ್ಕೆ ನೀರು ಚಿಮುಕಿಸಿ ಇದ್ದಿಲ ಇಸ್ತ್ರಿಯನ್ನು ಎಳೆದ. ಸುಯ್ಯೆಂದು ಆವಿ ಎದ್ದಿತು. ಕಾದ ಅರಿವೆ, ಅನ್ನದ ಗಂಜಿ ಎರಡೂ ಕೂಡಿದ ವಾಸನೆ ಮೂಗಿಗೆ ಬಂದದ್ದೇ ತಡ, ಹಾವೇರಿಯ ನಮ್ಮ ಹಾಸ್ಟೆಲ್ಲಿನ ಹಿತ್ತಲಿನ ಕಟ್ಟೆ ಕಣ್ಣ ಮುಂದೆ ಬಂತು. ಆ ಕಟ್ಟೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು, ನಮ್ಮೆಲ್ಲರ ನರ್ಸಿಂಗ್ ಟೋಪಿಗಳನ್ನು ಗಂಜಿಯಲ್ಲಿ ಅದ್ದಿ, ಹಿಂಡಿ, ಸುಕ್ಕಿಲ್ಲದಂತೆ ಕಿಟಕಿಯ ಗಾಜಿಗೆ ಅಂಟಿಸುತ್ತಿದ್ದವರು ವೈನಿ...

ನಮ್ಮ ಕಡೆ ಅಣ್ಣನ ಹೆಂಡತಿಯನ್ನು ವೈನಿ ಎನ್ನುತ್ತೇವೆ. ಆ ವರ್ಷ ನರ್ಸಿಂಗ್ ಶಾಲೆಗೆ ಸೇರಿದ ಹುಡುಗಿಯರಲ್ಲಿ ಕೊರಳಲ್ಲಿ ತಾಳಿ ಇದ್ದವರು ಅವರೊಬ್ಬರೇ. ಉಳಿದವರೆಲ್ಲ ಪಿಯುಸಿ ಮುಗಿಸಿ ನೇರವಾಗಿ ಬಂದವರು. ಮೊದಲ ದಿನ ಊಟದ ಸಾಲಿನಲ್ಲಿ ಯಾರೋ ಒಬ್ಬಳು ಏನೆಂದು ಕರೆಯಬೇಕೋ ತಿಳಿಯದೆ ‘ವೈನಿ, ಸ್ವಲ್ಪ ಸರೀರಿ’ ಎಂದಳು. ಅವರು ನಕ್ಕು ಸರಿದು ಕೂತರು. ಅಲ್ಲಿಂದ ಇಡೀ ಹಾಸ್ಟೆಲ್ಲಿಗೇ ಅವರು ವೈನಿಯಾದರು. ಕಡೆಗೆ ವಾರ್ಡನ್ ಬಾಯಲ್ಲೂ ಅದೇ ಬಂತು.

ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಹಾವೇರಿ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಊರಂಚಿನ ಒಂದು ಆಸ್ಪತ್ರೆಯವರು ನರ್ಸಿಂಗ್ ಶಾಲೆ ತೆರೆದಿದ್ದರು. ಮೂರೂವರೆ ವರ್ಷದ ಡಿಪ್ಲೊಮಾ. ಪಾಸಾಗಿ ಬೆಂಗಳೂರಿನ ಕೌನ್ಸಿಲ್ಲಿನಲ್ಲಿ ಹೆಸರು ನೋಂದಾಯಿಸಿದರೆ ನಾವು ರಜಿಸ್ಟರ್ಡ್ ನರ್ಸ್. ಕುಪ್ಪೇಲೂರೆಂಬ ಹಳ್ಳಿಯಿಂದ ಹೋದ ನನಗೆ ಆಸ್ಪತ್ರೆಯ ಸ್ಪಿರಿಟ್ ವಾಸನೆಗೇ ತಲೆ ತಿರುಗುತ್ತಿತ್ತು. ಆದರೆ ರಾಣೆಬೆನ್ನೂರಿನ ಹೈಸ್ಕೂಲಿನಲ್ಲಿ ಒಳ್ಳೆಯ ಮಾಸ್ತರರು ಸಿಕ್ಕಿದ್ದರಿಂದ ಇಂಗ್ಲಿಷ್ ಅಷ್ಟಿಷ್ಟು ಬರುತ್ತಿತ್ತು. ವೈನಿಗೆ ಆಸ್ಪತ್ರೆಯ ಭಯವೇ ಇರಲಿಲ್ಲ. ಇಂಗ್ಲಿಷ್ ಪುಸ್ತಕ ತೆರೆದರೆ ಮಾತ್ರ ಅವರ ಮುಖದ ಬಣ್ಣ ಇಳಿಯುತ್ತಿತ್ತು. ಅವರು ಓದು ಬಿಟ್ಟು ಬಹಳ ವರ್ಷಗಳಾಗಿದ್ದವು. ಹೀಗೆ ಒಬ್ಬರಿಗೊಬ್ಬರು ಬೇಕಾದೆವು. ನಾನು ಪಾಠದ ಸಾಲುಗಳನ್ನು ಓದಿ ಅರ್ಥ ಹೇಳುತ್ತಿದ್ದೆ. ವಾರ್ಡಿನಲ್ಲಿ ಸೂಜಿ ಹಿಡಿದು ನಾನು ಹಿಂಜರಿದರೆ ಅವರು ಪಕ್ಕದಲ್ಲಿ ಬಂದು ನಿಲ್ಲುತ್ತಿದ್ದರು.

ಅವರ ಕಥೆ ನನಗೆ ತಿಳಿದದ್ದು ಸ್ವಲ್ಪ ತಡವಾಗಿ. ಅವರ ಯಜಮಾನರು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಲಾರಿ ಓಡಿಸುತ್ತಿದ್ದರು. ಒಂದು ಸಲ ಚೀಲಗಳ ಮೇಲೆ ಹತ್ತಿ ಹಗ್ಗ ಬಿಗಿಯುವಾಗ ಜಾರಿ ಬಿದ್ದು ಬೆನ್ನುಮೂಳೆ ಮುರಿಯಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇದ್ದು ಮನೆಗೆ ಬಂದರು. ಸೊಂಟದಿಂದ ಕೆಳಗೆ ಶಕ್ತಿ ಇರಲಿಲ್ಲ. ಆಸ್ಪತ್ರೆಯಲ್ಲಿ ನರ್ಸುಗಳು ಮಾಡುವುದನ್ನು ನೋಡಿ ನೋಡಿ ವೈನಿ ಅವರನ್ನು ಹೊರಳಿಸುವುದು, ಮೈ ಒರೆಸುವುದು, ಹಾಸಿಗೆ ಬದಲಿಸುವುದು ಎಲ್ಲ ಕಲಿತಿದ್ದರು. ಮನೆಗೆ ಬಂದ ಮೇಲೆ ಒಂದು ದಿನ ಯಜಮಾನರೇ ಅಂದರಂತೆ, “ನನ್ನೊಬ್ಬನ್ನ ಹೊಳ್ಳಿಸಿ ಹಾಕೂದ್ರಾಗ ನಿನ್ನ ಜನ್ಮ ಮುಗೀಬಾರದು. ನೀ ನರ್ಸ್ ಕಲಿ. ನಿನಗ ಬರ್ತೈತಿ ಅದು.”

ಅತ್ತೆಗೆ ಈ ಮಾತು ಸಹಿಸಲಾಗಲಿಲ್ಲ. “ಗಂಡ ನೆಲಾ ಹಿಡದ ಮಲಗ್ಯಾನ, ಹೆಂಡತಿ ಸಾಲಿಗೆ ಹೊಂಟಾಳ” ಎಂದು ಓಣಿಯವರೆದುರು ಆಡಿದರು. ಮಗ ಹಟ ಹಿಡಿದದ್ದಕ್ಕೆ ಬೇಡವೆನ್ನಲಾಗಲಿಲ್ಲ. ಆದರೆ ಸೊಸೆಯ ಜೊತೆ ಮಾತು ಬಿಟ್ಟರು. ವೈನಿ ಪ್ರತಿ ಭಾನುವಾರ ಬ್ಯಾಡಗಿಗೆ ಹೋದಾಗ ತಾಟಿನಲ್ಲಿ ರೊಟ್ಟಿ ಹಾಕಿ ಮುಂದೆ ಸರಿಸುತ್ತಿದ್ದರಂತೆ, ಅಷ್ಟೇ. “ಬೈದಿದ್ರ ಚಲೋ ಇತ್ತು ತಂಗಿ,” ಎಂದು ವೈನಿ ನನ್ನ ಬಳಿ ಹೇಳಿದ್ದರು, “ಮಾತಾಡದ ಮನ್ಯಾಗ ರೊಟ್ಟಿ ಗಂಟಲದಾಗ ಇಳಿಯೂದಿಲ್ಲ.”

ಒಂದು ಭಾನುವಾರ ನನ್ನನ್ನೂ ಕರೆದುಕೊಂಡು ಹೋದರು. ಸುಗ್ಗಿಯ ಕಾಲ. ಬಸ್ಸು ಊರು ಸಮೀಪಿಸುತ್ತಿದ್ದಂತೆ ಎಲ್ಲರೂ ಕೆಮ್ಮತೊಡಗಿದರು. ಓಣಿಯ ತುಂಬ ಮೆಣಸಿನಕಾಯಿ ಹರವಿ, ಹೆಣ್ಣುಮಕ್ಕಳು ಸುತ್ತ ಕೂತು ತೊಟ್ಟು ಮುರಿಯುತ್ತಿದ್ದರು. ಅವರಲ್ಲಿ ಅತ್ತೆಯೂ ಇದ್ದರು. ನನ್ನನ್ನು ನೋಡಿ “ಬಾರವ್ವಾ, ಒಳಗ ನಡಿ” ಎಂದರು. ಸೊಸೆಯ ಕಡೆ ನೋಡಲಿಲ್ಲ.

ಪಡಸಾಲೆಯ ಹೊರಸಿನ ಮೇಲೆ ಯಜಮಾನರು ಮಲಗಿದ್ದರು. ತೆಳ್ಳಗಿನ ಮುಖ, ಚುರುಕು ಕಣ್ಣು. ನಾನು ಕೂಡುವುದಕ್ಕೆ ಮೊದಲೇ, “ಇಕಿಗೆ ನೀವ ಇಂಗ್ಲೀಷ್ ಹೇಳಿಕೊಡಾವ್ರೇನ್ರಿ? ಹಂಗಾರ ಇವತ್ತ ನನ್ನ ಪರೀಕ್ಷಾನೂ ತಗೊಳ್ರಿ” ಎಂದು ನಕ್ಕರು. ಏನು ಪರೀಕ್ಷೆ ಎಂದು ನನಗೆ ಆಮೇಲೆ ತಿಳಿಯಿತು. ವೈನಿ ಎಲುಬುಗಳ ಹೆಸರನ್ನು ಕಲಿಯುತ್ತಿದ್ದದ್ದು ಅವರ ಮೈಮೇಲೆ. ಭುಜ ಮುಟ್ಟಿ ಸ್ಕ್ಯಾಪುಲಾ, ಕೊರಳ ಬುಡ ಮುಟ್ಟಿ ಕ್ಲಾವಿಕಲ್, ತೊಡೆ ಮುಟ್ಟಿ ಫೀಮರ್... ಮೈ ಒರೆಸುವ ಹೊತ್ತಿಗೇ ಪಾಠವೂ ನಡೆಯುತ್ತಿತ್ತು. ಕೇಳಿ ಕೇಳಿ ಅವರಿಗೂ ಬಾಯಿಪಾಠವಾಗಿತ್ತು. ವೈನಿ ಮೊಣಕಾಲ ಕೆಳಗೆ ಕೈಯಿಟ್ಟು ತಡವರಿಸಿದಾಗ ಅವರು ಛಾವಣಿ ನೋಡುತ್ತಲೇ, “ಟಿಬಿಯಾ ಅಲ್ಲೇನು? ಅದರ ಬಾಜೂಕ ಫಿಬುಲಾ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಅಲ್ಲಿ ಮುಟ್ಟಿದ್ದು ನನಗ ಗೊತ್ತಾಗೂದಿಲ್ರಿ. ಹೆಸರು ಹೇಳಿದ್ರ, ಹಾಂ, ಕಾಲು ಇನ್ನೂ ಐತಿ ಅನಸ್ತೈತಿ” ಎಂದರು. ನಾನು ನೀರಿನ ತಂಬಿಗೆ ಎತ್ತಿಕೊಂಡೆ.

ಅವತ್ತೇ ಅವರನ್ನು ಮಗ್ಗುಲಿಗೆ ಹೊರಳಿಸಿದಾಗ ಸೊಂಟದ ಹತ್ತಿರ ಚರ್ಮ ಕೆಂಪಾದದ್ದು ವೈನಿ ಕಣ್ಣಿಗೆ ಬಿತ್ತು. ಮಲಗಿದಲ್ಲೇ ಮಲಗಿದವರಿಗೆ ಆಗುವ ಹುಣ್ಣಿನ ಮೊದಲ ಗುರುತು ಅದು. ಅತ್ತೆಯನ್ನು ಕರೆದು, ಇನ್ನು ಮೇಲೆ ಬೇಗ ಬೇಗ ಮಗ್ಗುಲು ಬದಲಿಸಬೇಕು, ಅಲ್ಲಿ ಹಸಿ ನಿಲ್ಲದಂತೆ ಒರೆಸಿ ಪೌಡರ್ ಹಾಕಬೇಕು ಎಂದು ಮೆಲ್ಲಗೆ ಹೇಳಿದರು. ಅತ್ತೆಯ ಮೌನ ತಿಂಗಳುಗಳ ನಂತರ ಒಡೆದದ್ದು ಆಗ. “ಹಡದಾಕಿ ನಾ. ನನಗ ಹೇಳಾಕ ಬಂದಿಯೇನು?” ವೈನಿ ತಲೆ ತಗ್ಗಿಸಿ ತಮ್ಮ ಕೆಲಸ ಮುಂದುವರಿಸಿದರು. ಯಜಮಾನರೇ ಹೇಳಿದರು, “ಯವ್ವಾ, ಆಕಿ ಹೇಳಿದಂಗ ಮಾಡು. ಹಡದದ್ದು ನೀನ ಖರೇ. ಕಲಿಯಾಕತ್ತಾಕಿ ಆಕಿ.” ಅತ್ತೆ ಹೊರಗೆ ಹೋಗಿ ಮೆಣಸಿನಕಾಯಿ ಮುಂದೆ ಕೂತರು.

ಮುಂದಿನ ಭಾನುವಾರ ವೈನಿ ಹಾಸ್ಟೆಲ್ಲಿಗೆ ಮರಳಿದಾಗ ಮುಖ ಅರಳಿತ್ತು. ಕೆಂಪು ಇಳಿದಿತ್ತಂತೆ. ಅತ್ತೆ ಗುಡಿಯ ಗಂಟೆ, ಗಿರಣಿಯ ಸೈರನ್ನು, ಶಾಲೆ ಬಿಡುವ ಹೊತ್ತು ಎಲ್ಲವನ್ನೂ ಗುರುತಿಟ್ಟುಕೊಂಡು ಮಗನ ಮಗ್ಗುಲು ಬದಲಿಸುತ್ತಿದ್ದರಂತೆ. “ನಾ ಹೊರಡೂ ಮುಂದ ಅತ್ತಿ ಮಾತಾಡಿದ್ರು,” ಎಂದರು ವೈನಿ. “ಏನಂದ್ರು?” ಎಂದು ನಾವೆಲ್ಲ ಸುತ್ತುಗಟ್ಟಿದೆವು. “ಬರೂ ವಾರ ಬರೂವಾಗ ಆ ಪೌಡರ್ ಡಬ್ಬಿ ತಗೊಂಬಾ, ಅಂದ್ರು.” ಹೇಳಿ ನಗತೊಡಗಿದವರು ನಗುತ್ತಲೇ ಅತ್ತರು.

ಮೊದಲ ವರ್ಷದ ಪರೀಕ್ಷೆ ಹತ್ತಿರ ಬಂದಾಗ ಯಜಮಾನರಿಗೆ ಜ್ವರ ಕಾಣಿಸಿತು. ಮೂತ್ರದ ಸೋಂಕು ಮೈಗೆಲ್ಲ ಏರಿತ್ತು. ಆಸ್ಪತ್ರೆಗೆ ಒಯ್ದರು, ಸ್ವಲ್ಪ ಇಳಿಯಿತು ಎಂದು ಮನೆಗೆ ಕರೆತಂದರು, ಮತ್ತೆ ಏರಿತು... ಒಂದು ಮಧ್ಯಾಹ್ನ ಕ್ಲಾಸು ನಡೆದಿದ್ದಾಗ ಆಫೀಸಿಗೆ ಫೋನು ಬಂತು. ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು ವೈನಿಯನ್ನು ಹೊರಗೆ ಕರೆದರು. ಅವರು ಪೆನ್ನಿನ ಮುಚ್ಚಳ ಹಾಕಿ, ಪುಸ್ತಕ ಮುಚ್ಚಿಟ್ಟು ಎದ್ದು ಹೋದರು. ಹೊರಗೆ ಅಳುವ ಸದ್ದು ಕೇಳಲಿಲ್ಲ.

ನಾವು ಕೆಲವರು ಯಜಮಾನರ ಮಣ್ಣಿಗೆ ಹೋಗಿದ್ದೆವು. ಹೊರಸು ಖಾಲಿಯಾದ ಪಡಸಾಲೆಯಲ್ಲಿ ಬಂಧುಗಳು ತುಂಬಿದ್ದರು. ವೈನಿಯ ಓರಗೆಯ ಹೆಂಗಸರು, ಹಿರಿಯರು ಎಲ್ಲ ಒಂದೇ ಮಾತು ಆಡುತ್ತಿದ್ದರು. ಓದಿಸಿದವನೇ ಹೋದ, ಇನ್ನು ಯಾರಿಗಾಗಿ ಓದುವುದು, ತವರಿಗೆ ಹೋಗಿ ಇರಲಿ. ವೈನಿ ಗೋಡೆಗೆ ಒರಗಿ ಕೂತಿದ್ದರು. ಕಿವಿಗೆ ಏನೂ ಬೀಳದವರಂತೆ. ನಾನು ಹೋಗಿ ಕೈ ಹಿಡಿದೆ. ಅವರ ಕೈ ತಣ್ಣಗಿತ್ತು. ಪರೀಕ್ಷೆಯ ಮಾತು ಎತ್ತುವ ಧೈರ್ಯ ಬರಲಿಲ್ಲ. ಹಿಂತಿರುಗುವಾಗ ಬಸ್ಸಿನಲ್ಲಿ ನಮಗೆಲ್ಲ ಖಾತ್ರಿಯಾಗಿತ್ತು, ವೈನಿ ಇನ್ನು ಬರುವುದಿಲ್ಲ.

ಪರೀಕ್ಷೆಯ ಕೇಂದ್ರ ಹುಬ್ಬಳ್ಳಿಯಲ್ಲಿತ್ತು. ಮೊದಲ ಪೇಪರು ಶರೀರಶಾಸ್ತ್ರ. ಬೆಳಗಿನ ಪ್ಯಾಸೆಂಜರ್ ಹಿಡಿಯಲು ನಾವು ಹಾವೇರಿ ಸ್ಟೇಷನ್ನಿನಲ್ಲಿ ನಿಂತಿದ್ದೆವು. ಗಾಡಿ ಬ್ಯಾಡಗಿ ಕಡೆಯಿಂದ ಬಂದು ನಿಂತಿತು. ನೂಕುನುಗ್ಗಲಲ್ಲಿ ಒಳಗೆ ಹತ್ತಿ ನೋಡಿದರೆ ಕಿಟಕಿಯ ಪಕ್ಕ ವೈನಿ ಕೂತಿದ್ದರು. ಬರಿಯ ಹಣೆ, ತೊಡೆಯ ಮೇಲೆ ಪುಸ್ತಕ. ಅವರ ಬಾಜೂಕೆ ಅತ್ತೆ, ಮಡಿಲಲ್ಲಿ ರೊಟ್ಟಿಯ ಗಂಟು. ಅತ್ತೆಯೇ ಸರಿದು ಜಾಗ ಮಾಡಿ, “ಕುಂದ್ರವ್ವಾ. ಇಕಿಗೆ ತಿಳೀಲಾರದ್ದು ಏನರ ಇದ್ರ ಹೇಳಿಕೊಡು” ಎಂದರು.

ಎದುರಿನ ಸೀಟಿನಲ್ಲಿ ಬ್ಯಾಡಗಿಯ ಗುರುತಿನ ಹಿರಿಯರೊಬ್ಬರಿದ್ದರು. ಅವರು ಬಹಳ ಹೊತ್ತು ನೋಡಿ ಕೇಳಿದರು, “ದಿವಸದ ಕಾರ್ಯಾನ ಇನ್ನೂ ಆಗಿಲ್ಲ. ಸೊಸಿನ್ನ ಕರ್ಕೊಂಡು ಎತ್ತಾಗ ಹೊಂಟಿಬೇ ಯಕ್ಕಾ?”

ಅತ್ತೆ ಸೆರಗು ಸರಿಪಡಿಸಿಕೊಂಡರು. ಮಾತು ಗಟ್ಟಿಯಾಗಿಯೂ ಇರಲಿಲ್ಲ, ಮೆತ್ತಗೂ ಇರಲಿಲ್ಲ. “ನನ್ನ ಮಗಾ ಹಿಡಿದ ಕೆಲಸ ಐತೋ ತಮ್ಮಾ. ಅಂವ ಅರ್ಧಾಕ ಬಿಟ್ಟು ಹೋದ. ನಾವು ಮುಗಿಸಾಕ ಹೊಂಟೇವಿ.”

ಹುಬ್ಬಳ್ಳಿಯಲ್ಲಿ ಪೇಪರು ಮುಗಿಯುವ ತನಕ ಅತ್ತೆ ಕೇಂದ್ರದ ಅಂಗಳದ ಬೇವಿನ ಗಿಡದ ಕೆಳಗೆ ಕೂತಿದ್ದರು. ನಾನು ಹೊರಬಂದು ವೈನಿಯ ದಾರಿ ನೋಡಿದೆ. ಅವರು ಎಲ್ಲರಿಗಿಂತ ಕೊನೆಗೆ ಬಂದರು. ಹೇಗಾಯಿತು ಎಂದು ಕೇಳಿದೆ. “ಕಾಲಿನ ಎಲವು ಬರೀರಿ ಅಂತ ಬಂದಿತ್ತು,” ಎಂದರು. ತುಸು ತಡೆದು ಹೇಳಿದರು, “ಬರಿಯೂ ತನಕ ಅವರು ಜೀವಂತ ಇದ್ರು, ತಂಗಿ. ಈಗ ಹೋದ್ರು ನೋಡು.” ಅಲ್ಲೇ ಅತ್ತೆಯ ಹೆಗಲ ಮೇಲೆ ತಲೆಯಿಟ್ಟು, ಮನೆಯಲ್ಲಿ ಅಳದ ಅಳುವನ್ನೆಲ್ಲ ಅತ್ತರು. ಅತ್ತೆ ಅಳಲಿಲ್ಲ. ಸೊಸೆಯ ಬೆನ್ನು ಸವರುತ್ತ ಕೂತರು. ಆಮೇಲೆ ಗಂಟು ಬಿಚ್ಚಿ ಇಬ್ಬರಿಗೂ ರೊಟ್ಟಿ ಕೊಟ್ಟರು.

ವೈನಿ ಪಾಸಾದರು. ಮುಂದಿನ ವರ್ಷಗಳೂ ಸಲೀಸಾಗಿರಲಿಲ್ಲ. ಎರಡನೆಯ ವರ್ಷ ಒಂದು ವಿಷಯ ಹೋಯಿತು, ಮತ್ತೆ ಕಟ್ಟಿ ಬರೆದರು. ಅತ್ತೆ ಊರಲ್ಲಿ ತೊಟ್ಟು ಮುರಿಯುತ್ತ, ಆಡಿದವರ ಮಾತಿಗೆಲ್ಲ ತಾವೇ ಉತ್ತರ ಕೊಡುತ್ತ ಕಾದರು. ಕೌನ್ಸಿಲ್ಲಿನಿಂದ ರಜಿಸ್ಟ್ರೇಶನ್ ಬಂದ ವರ್ಷವೇ ವೈನಿಗೆ ರಾಣೆಬೆನ್ನೂರಿನಲ್ಲಿ ಕೆಲಸ ಸಿಕ್ಕಿತು. ಅತ್ತೆಯನ್ನೂ ಕರೆತಂದು ಬಾಡಿಗೆ ಮನೆ ಹಿಡಿದರು. ನಾನು ಹಾವೇರಿಯಲ್ಲಿ ಉಳಿದೆ. ಹೋದಾಗಲೆಲ್ಲ ಆ ಮನೆಯಲ್ಲಿ ಅತ್ತೆ-ಸೊಸೆ ಜಗಳಾಡುವುದನ್ನು ಕೇಳಿ ನನಗೆ ಸಂತೋಷವಾಗುತ್ತಿತ್ತು. ಚಹಾಕ್ಕೆ ಸಕ್ಕರೆ ಹೆಚ್ಚಾಯಿತೆಂದು ಸೊಸೆ ಬೈದರೆ, ಡ್ಯೂಟಿಯಿಂದ ತಡವಾಗಿ ಬಂದಿ ಎಂದು ಅತ್ತೆ ಬೈಯುತ್ತಿದ್ದರು.

ವಾರ್ಡಿನಲ್ಲಿ ವೈನಿ ಸಿಟ್ಟಿನ ಸಿಸ್ಟರ್ ಎಂದೇ ಹೆಸರಾಗಿದ್ದರು. ಹಾಸಿಗೆ ಹಿಡಿದವರನ್ನು ಹೊರಳಿಸದೆ ಬಿಟ್ಟ ಮನೆಯವರಿಗೆ ಅವರಿಂದ ಬೈಗುಳ ತಪ್ಪುತ್ತಿರಲಿಲ್ಲ. ಬೈದ ಮೇಲೆ ತಾವೇ ತೋಳೇರಿಸಿ ಹೊರಳಿಸುವುದನ್ನು ಕಲಿಸುತ್ತಿದ್ದರು. ಹತ್ತಿರದ ಮೇಡ್ಲೇರಿಯ ರೈತರು ಅವರಿಗೆ ಬದನೆಕಾಯಿ, ಸೌತೆಕಾಯಿ ತಂದು ಕೊಡುತ್ತಿದ್ದರು. ಸಂಜೆ ಬಸ್‌ಸ್ಟ್ಯಾಂಡಿನ ಮಂಡಕ್ಕಿ-ಮಿರ್ಚಿ ಎಂದರೆ ವೈನಿಗೆ ಪ್ರಾಣ. ಡಾಕ್ಟರು ಎಣ್ಣೆ ಪದಾರ್ಥ ಬೇಡವೆಂದ ಮೇಲೂ ಬಿಡಲಿಲ್ಲ.

ಅತ್ತೆ ತುಂಬು ವಯಸ್ಸಿನಲ್ಲಿ ಹೋದರು, ಸೊಸೆಯ ಕೈಯಲ್ಲೇ. ವೈನಿ ರಿಟೈರಾದ ಮೇಲೆ ಬಹಳ ವರ್ಷ ಇರಲಿಲ್ಲ. ಬೆಳಿಗ್ಗೆ ಹಾಲು ತರಲು ಎದ್ದವರು ಎದೆ ಹಿಡಿದುಕೊಂಡು ಕೂತರಂತೆ. ನಾನು ಆಗ ಮಗಳ ಬಾಣಂತನಕ್ಕೆಂದು ದೂರದಲ್ಲಿದ್ದೆ. ಸುದ್ದಿ ಮುಟ್ಟುವ ಹೊತ್ತಿಗೆ ಮಣ್ಣು ಮುಗಿದಿತ್ತು. ಮನೆಗೆ ಹೋದಾಗ ಅಂಗಳದಲ್ಲಿ ನನಗೆ ಗುರುತಿಲ್ಲದ ಎಷ್ಟೋ ಜನ ಕೂತಿದ್ದರು. ಒಬ್ಬಾಕೆ ತನ್ನ ಗಂಡ ಎದ್ದು ಕೂತದ್ದೇ ಆ ಸಿಸ್ಟರಿನಿಂದ ಎಂದು ಹೇಳುತ್ತ ಅಳುತ್ತಿದ್ದಳು. ನಾನು ಅವರ ಯಾರು ಎಂದು ಆಕೆ ಕೇಳಿದಾಗ, “ಕೂಡಿ ಕಲಿತಾಕಿ” ಎಂದೆ.

ಈಗಲೂ ಏನಾದರೂ ಕೆಲಸದ ಮೇಲೆ ರಾಣೆಬೆನ್ನೂರಿಗೆ ಹೋಗುತ್ತೇನೆ. ಕೆಲಸ ಮುಗಿದ ತಕ್ಷಣ ಗಡಿಯಾರ ನೋಡಿಕೊಂಡು ಹಾವೇರಿ ಬಸ್ಸಿಗೆ ಅವಸರ ಮಾಡುತ್ತೇನೆ. ಮೊದಲು ಈ ಅವಸರ ಇರಲಿಲ್ಲ. ಕಡೆಯ ಬಸ್ಸು ತಪ್ಪಿದರೂ ಚಿಂತೆ ಇರುತ್ತಿರಲಿಲ್ಲ. ಆ ಊರಲ್ಲಿ ಉಳಿಯಲು ನನಗೊಂದು ಮನೆಯಿತ್ತು.